ಪಕ್ಕದ ಕೋಣೆಯಲ್ಲಿ ಕೂತಿದ್ದವರ ಪುಸ್ತಕ

ನಮ್ಮ ನಡುಮನೆಯ ಕಪಾಟಿನ ಕೆಳಗಿನ ಎರಡು ಅರೆಗಳು ಒಬ್ಬನೇ ಮನುಷ್ಯನಿಗೆ ಮೀಸಲು. ದೇಶದ ದೊಡ್ಡ ಕುರ್ಚಿಯ ಮನುಷ್ಯ. ಹೆಸರು ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಅರ್ಧ ಜನ ಕೈಮುಗಿಯುತ್ತೀರಿ, ಇನ್ನರ್ಧ ಜನ ಉಗಿಯುತ್ತೀರಿ, ನನ್ನ ಮಾತು ಯಾರಿಗೂ ಬೇಡವಾಗುತ್ತದೆ. ನಮ್ಮ ಬಳಗದಲ್ಲಿ ಅವನನ್ನು ಸಾಹೇಬರು ಅನ್ನುತ್ತಿದ್ದರು. ಇಲ್ಲೂ ಹಾಗೇ ಇರಲಿ.

ಅಲ್ಲಿರುವ ಪುಸ್ತಕಗಳನ್ನೆಲ್ಲ ಬರೆದವರು ಒಳಗಿನವರು. ಸಾಹೇಬರ ಭಾಷಣ ತಿದ್ದಿದವರು, ಕಾರಿನ ಮುಂದಿನ ಸೀಟಿನಲ್ಲಿ ಕೂತವರು, ಮಂತ್ರಿಯಾಗಿ ಮೆರೆದು ಆಮೇಲೆ ಹೊರಗೆ ಬಿದ್ದವರು. ಹಿಂಬದಿಯ ರಟ್ಟಿನ ಮೇಲೆ, ಇದುವರೆಗೆ ಯಾರೂ ಹೇಳದ ಒಳಗಿನ ಕತೆ ಎಂದು ದಪ್ಪಕ್ಷರ. ಥೂ! ತೆಗೆದು ಓದಿದರೆ ಏನಿದೆ? ಸಾಹೇಬರು ಬೇಗ ಏಳುತ್ತಾರೆ. ಬಿಸಿನೀರು ಕುಡಿಯುತ್ತಾರೆ. ಒಮ್ಮೆ ನೋಡಿದವರ ಹೆಸರು ಮರೆಯುವುದಿಲ್ಲ. ಇಷ್ಟು ಹೇಳಲು ಒಳಗಿನವನು ಯಾಕೆ ಬೇಕು? ನಮ್ಮ ಬೀದಿಗೆ ಹಾಲು ಹಾಕುವವನೂ ಯಾರ ಬಗ್ಗೆ ಬೇಕಾದರೂ ಇಷ್ಟು ಹೇಳುತ್ತಾನೆ.

ಬೈದು ಬರೆದವರು ಹೊಗಳಿದವರಿಗಿಂತ ಕಡೆ. ಹುದ್ದೆ ಇರುವವರೆಗೂ ಬಾಯಿಗೆ ಬೀಗ. ಗೂಟದ ಕಾರು ಹೋದ ಮಾರನೆಯ ದಿನವೇ ಇವರ ಅಂತರಾತ್ಮ ಎದ್ದು ಕೂರುತ್ತದೆ. ಆ ತೀರ್ಮಾನವನ್ನು ನಾನು ಅಂದೇ ಮನಸ್ಸಿನಲ್ಲಿ ವಿರೋಧಿಸಿದ್ದೆ ಎಂದು ಬರೆಯುತ್ತಾರೆ. ಮನಸ್ಸಿನಲ್ಲಿ! ಮನಸ್ಸಿನಲ್ಲಿ ನಾನೂ ನಮ್ಮ ಪ್ರಿನ್ಸಿಪಾಲರ ಕಪಾಳಕ್ಕೆ ಬಾರಿಸಿದ್ದೇನೆ. ಅದಕ್ಕೆ ಪುಸ್ತಕ ಬರೆದಿಲ್ಲ.

ಮತ್ತೆ ಎಲ್ಲ ಪುಸ್ತಕಗಳಲ್ಲೂ ಒಂದು ಘಳಿಗೆ ಬರುತ್ತದೆ. ದೇಶವನ್ನೇ ಅಲ್ಲಾಡಿಸಿದ ಒಂದು ನಿರ್ಧಾರ. ಯಾರು ಬೇಕೆಂದರು, ಯಾರು ಬೇಡವೆಂದರು, ಸಾಹೇಬರು ಏನೆಂದರು? ಓದುವವನು ಕುರ್ಚಿಯ ತುದಿಗೆ ಬಂದು ಕೂತಿರುತ್ತಾನೆ. ಆಗ ಲೇಖಕ ಮೆಲ್ಲಗೆ ಒಂದು ಸಾಲು ಬಿಡುತ್ತಾನೆ, ಆ ಹೊತ್ತಿನಲ್ಲಿ ನಾನು ಪಕ್ಕದ ಕೋಣೆಯಲ್ಲಿದ್ದೆ ಎಂದು. ಅಯ್ಯೋ ನಿನ್ನ! ಒಬ್ಬನಾದರೂ ಒಳಗಿದ್ದೆ ಎನ್ನಬೇಡವೇ? ಆ ಪಕ್ಕದ ಕೋಣೆ ನಮ್ಮ ವಿಜಯನಗರದ ಬಸ್‌ಸ್ಟ್ಯಾಂಡಿನಷ್ಟು ದೊಡ್ಡದಿತ್ತು ಅಂತ ಕಾಣುತ್ತದೆ, ಎಲ್ಲರೂ ಅಲ್ಲೇ ಇದ್ದರು.

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಇದನ್ನೆಲ್ಲ ಪಾಠಕ್ಕಾಗಿ ಕೊಂಡೆ ಎಂದರೆ ನನ್ನ ಹೆಂಡತಿಯೇ ನಗುತ್ತಾಳೆ. "ರದ್ದಿಯವನು ಬಂದಿದಾನೆ ರೀ, ಕೆಳಗಿನ ಎರಡು ಅರೆ ಕೊಟ್‌ಬಿಡ್ಲಾ?" ಎಂದು ಆಗಾಗ ಒಳಗಿನಿಂದ ಕೂಗುತ್ತಾಳೆ. ಈ ಚಟ ಹತ್ತಿಸಿದವನು ನನ್ನ ಭಾವ, ದೊಡ್ಡಕ್ಕನ ಗಂಡ.

ಭಾವ ಇಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದವನು, ಎರವಲು ಸೇವೆ ಎಂದು ದೆಹಲಿಗೆ ಹೋದ. ಸುತ್ತಿ ಸುತ್ತಿ ಸಾಹೇಬರ ಕಚೇರಿ ಸೇರಿದ. ಅಲ್ಲಿ ಅವನ ಕೆಲಸ ಏನು ಎಂಬುದು ನಮಗೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಅಕ್ಕ ಬಸವೇಶ್ವರನಗರದ ಮನೆಯಲ್ಲೇ ಉಳಿದಳು, ಯಾಕೆಂದರೆ ಅವಳ ಅತ್ತೆ ಊರು ಬಿಡಲು ಒಪ್ಪಲಿಲ್ಲ. ಮಕ್ಕಳಿಲ್ಲ. ಅತ್ತೆ, ಸೊಸೆ, ಮಹಡಿಯ ಮೇಲೆ ಒಂದಿಷ್ಟು ಕುಂಡಗಳು. ಭಾವ ಮಾತ್ರ ಯಾರದಾದರೂ ಮದುವೆಗೆ ಬರುವಂತೆ ಬಂದು ಹೋಗುತ್ತಿದ್ದ.

ನಿಜವಾದ ಮದುವೆಗಳಿಗೆ ಅವನು ಬಂದರಂತೂ ನೋಡಬೇಕಿತ್ತು. ಮದುಮಕ್ಕಳನ್ನು ಬಿಟ್ಟು ಜನ ಇವನ ಸುತ್ತ ಸೇರುತ್ತಿದ್ದರು. "ಸಾರ್, ಸಾಹೇಬ್ರು ಹೇಗೆ ಸಾರ್, ನಿಜವಾಗ್ಲೂ ಹಾಗೇನಾ?" ಭಾವ ಅಡಿಕೆ ಜಗಿಯುತ್ತ, ಕಣ್ಣು ಅರ್ಧ ಮುಚ್ಚಿ ನಗುತ್ತಿದ್ದ. "ಅದೆಲ್ಲ ಈಗ ಹೇಳೋ ಹಾಗಿಲ್ಲ. ರಿಟೈರ್ ಆಗ್ಲಿ, ಬರೀತೀನಿ." ಆ ನಗು ನೋಡಿದರೆ ನನಗೆ ಮೈಯೆಲ್ಲ ಉರಿ. ಅಕ್ಕ ಮಾತ್ರ ದೂರದಲ್ಲಿ ನಿಂತು ಹೆಮ್ಮೆಯಿಂದ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳಿಗೂ ಇದೇ ಉತ್ತರ. "ಸಾರಿಗೆ ಉಪ್ಪು ಹೆಚ್ಚಾಯ್ತಾ ಅಂದ್ರೂ ಹೇಳೋ ಹಾಗಿಲ್ಲ ಅಂತಾರೇನೋ ಕಣೋ," ಎಂದು ಒಮ್ಮೆ ನನ್ನ ಹತ್ತಿರ ನಕ್ಕಿದ್ದಳು.

ಭಾವನ ತಾಯಿ, ಅತ್ತೆಮ್ಮ, ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದಾಗ ಅಕ್ಕ ಗಂಡನಿಗೆ ಫೋನ್ ಮಾಡಿದಳು. ಇಲ್ಲಿ ದೊಡ್ಡದೊಂದು ನಡೀತಾ ಇದೆ, ಕಾಲು ಕೀಳೋ ಹಾಗಿಲ್ಲ ಎಂದ. ಅತ್ತೆಮ್ಮ ಹೋಗಿದ್ದು ಬೆಳಗಿನ ಜಾವ. ಹತ್ತಿರ ಇದ್ದವಳು ಅಕ್ಕ ಒಬ್ಬಳೇ. ಹೆಣ ಮನೆಗೆ ತಂದ ಮೇಲೆ ನಾನೇ ಭಾವನಿಗೆ ಫೋನ್ ಮಾಡಿದೆ. ವಿಮಾನ ಹತ್ತಿದರೆ ಮಧ್ಯಾಹ್ನಕ್ಕೆ ಬಸವೇಶ್ವರನಗರ. ಕಾಯುತ್ತೇವೆ ಎಂದೆ.

"ಇವತ್ತು ಆಗೋ ಮಾತೇ ಇಲ್ಲ ಕಣೋ. ಇವತ್ತು ಇಲ್ಲಿ ಏನಾಗತ್ತೆ ಅಂತ ಸಂಜೆ ನಿಂಗೇ ಗೊತ್ತಾಗತ್ತೆ. ನೀನೇ ಮುಂದೆ ನಿಂತು ಮಾಡ್ಬಿಡು."

ನಮ್ಮಲ್ಲಿ ಮಗನಿಗೆ ಆಗದಿದ್ದಾಗ ಬೇರೆಯವರು ಬೆಂಕಿ ಇಡಬಹುದು, ಆದರೆ ಮಗ ದರ್ಭೆ ಕೊಟ್ಟು, ನನ್ನ ಪರವಾಗಿ ನೀನು ಮಾಡು ಎಂದು ಬಾಯಿಬಿಟ್ಟು ಹೇಳಬೇಕು. ಕೊಡುವ ಕೈ ದೆಹಲಿಯಲ್ಲಿದೆ. ಪುರೋಹಿತರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಸ್ಪೀಕರ್ ಹಾಕಿ ಸಾರ್, ಫೋನನ್ನ ದರ್ಭೆ ಮೇಲೆ ಇಡಿ, ಅವ್ರ ಬಾಯಿಂದ ಮಾತು ಬಂದ್ರೆ ಸಾಕು," ಎಂದರು. ಅಂಗಳದಲ್ಲಿ ಹೆಣ, ಪಕ್ಕದಲ್ಲಿ ದರ್ಭೆ, ದರ್ಭೆಯ ಮೇಲೆ ನನ್ನ ಫೋನು. ನೆಂಟರೆಲ್ಲ ಬಗ್ಗಿ ನಿಂತು ಕೇಳಿಸಿಕೊಳ್ಳುತ್ತಿದ್ದೇವೆ. ಭಾವ ಪಿಸುಗುಟ್ಟಿದ. "ಹೂಂ. ಹೂಂ. ನನ್ನ ಪರವಾಗಿ ಮಾಡ್ಲಿ. ಒಳಗೆ ಹೋಗ್ಬೇಕು, ಇಡ್ತೀನಿ." ಫೋನು ಕಟ್ಟಾಯಿತು. ಆಯ್ತು ಬಿಡಿ, ಬಂತಲ್ಲ ಮಾತು ಎಂದು ಪುರೋಹಿತರು ದರ್ಭೆ ತೆಗೆದು ನನ್ನ ಕೈಗೆ ಕೊಟ್ಟರು.

ನಾನು ಮೀಸೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಮಡಕೆ ಹೊತ್ತು ಸುತ್ತಿ, ನನ್ನ ತಾಯಿಯಲ್ಲದವಳಿಗೆ ಬೆಂಕಿ ಇಟ್ಟೆ. ಸುಮನಹಳ್ಳಿಯ ಚಿತಾಗಾರದಿಂದ ವಾಪಸು ಬರುವಾಗ ರಸ್ತೆ ಪೂರ್ತಿ ಜಾಮ್. ಸಾಹೇಬರ ನಿರ್ಧಾರ ಹೊರಬಿದ್ದಿತ್ತು. ಒಂದು ಕಡೆ ಪಟಾಕಿ, ಇನ್ನೊಂದು ಕಡೆ ಧಿಕ್ಕಾರ. ಯಾವ ನಿರ್ಧಾರ ಎಂದು ಬರೆದರೆ ನೀವೂ ಅದೇ ಜಗಳಕ್ಕೆ ಇಳಿಯುತ್ತೀರಿ, ಬೇಡ. ನಾನು ಆಟೋದಲ್ಲಿ ನಡುಗುತ್ತ ಕೂತಿದ್ದೆ.

ಭಾವ ಬಂದದ್ದು ವೈಕುಂಠ ಸಮಾರಾಧನೆಯ ಊಟದ ದಿನ. ಅವನನ್ನು ಒಬ್ಬರೂ ಒಂದು ಮಾತು ಅನ್ನಲಿಲ್ಲ, ದೇಶದ ಕೆಲಸ ಎಂದರು. ಅಂದದ್ದೆಲ್ಲ ಅಕ್ಕನಿಗೆ. ಭಾವನ ಚಿಕ್ಕಪ್ಪನ ಮಕ್ಕಳು, ಅವರ ಹೆಂಡಿರು ಎಲೆ ಮುಂದೆ ಕೂತು ಅವಳಿಗೆ ಕೇಳುವ ಹಾಗೇ ಆಡಿಕೊಂಡರು. "ಇವಳು ಸರಿಯಾಗಿ ಹೇಳೇ ಇಲ್ಲ. ಹೇಳಿದ್ರೆ ಹೆತ್ತ ಮಗ ಬರ್ದೆ ಇರ್ತಿದ್ನಾ? ತಮ್ಮನ ಕೈಲಿ ಬೆಂಕಿ ಇಡಿಸ್‌ಬಿಟ್ಳು ನೋಡಿ." ಅಕ್ಕ ಅವರಿಗೆ ಹೋಳಿಗೆಗೆ ತುಪ್ಪ ಬಡಿಸಿದಳು. ಕೈ ತೊಳೆಯುವ ಜಾಗದಲ್ಲಿ ನಾನು ರೇಗಿದಾಗ ನನ್ನನ್ನೇ ಗದರಿದಳು. "ಸುಮ್ನಿರೋ. ಆವತ್ತು ಅವರಿಲ್ದೆ ಅಲ್ಲಿ ಏನೂ ನಡೀತಿರ್ಲಿಲ್ಲ ಅಂತ ಒಂದಿನ ಎಲ್ಲರಿಗೂ ಗೊತ್ತಾಗತ್ತೆ. ಅವರೇ ಬರೀತಾರಲ್ಲ. ಆವತ್ತು ಇವರೆಲ್ಲ ಕೂತು ಕೇಳಲಿ."

ಅಂದಿನಿಂದ ಸಾಹೇಬರ ಬಗ್ಗೆ ಯಾವ ಪುಸ್ತಕ ಬಂದರೂ ನಾನು ಕೊಂಡೆ. ಮೊದಲು ತೆರೆಯುತ್ತಿದ್ದದ್ದು ಆ ದಿನದ ಅಧ್ಯಾಯ. ಭಾವ ಎಲ್ಲೂ ಇಲ್ಲ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಅಕ್ಕನ ಮನೆಗೆ ಹೋಗಿ ಓದಿ ಹೇಳುತ್ತಿದ್ದೆ. "ಇದ್ರಲ್ಲಿ ಆವತ್ತು ಟೀ ತಂದವನ ಹೆಸರೂ ಇದೆ ಕಣಕ್ಕ. ಭಾವನದಿಲ್ಲ." ಅಕ್ಕ ಅವರೆಕಾಯಿ ಸುಲಿಯುತ್ತಲೇ, "ಗುಟ್ಟಿನ ಕೆಲಸ ಮಾಡೋರ ಹೆಸರು ಎಲ್ಲರಿಗೂ ಹೇಗೋ ಗೊತ್ತಿರತ್ತೆ, ಪೆದ್ದ?" ಎನ್ನುತ್ತಿದ್ದಳು. ಮುಂದಿನ ಪುಸ್ತಕಕ್ಕೂ ಅದೇ ಉತ್ತರ. ಆ ಪುಸ್ತಕಗಳು ಎಷ್ಟು ಟೊಳ್ಳಾದರೆ ಭಾವನ ಪುಸ್ತಕ ಅವಳ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗುತ್ತಿತ್ತು. ಬೇರೆಯವರಿಗೆ ಗೊತ್ತಿಲ್ಲದ್ದು ತನ್ನ ಗಂಡನಿಗೆ ಗೊತ್ತಿದೆ ಎಂದಾಯಿತಲ್ಲ.

ಕೊನೆಗೆ ಭಾವ ನಿವೃತ್ತನಾಗಿ ಬಂದ, ಬರೆಯಲು ಕೂತ. ಬಸವೇಶ್ವರನಗರದ ಆ ಮನೆ ಮೌನವ್ರತ ಹಿಡಿಯಿತು. ಟಿವಿ ಇಲ್ಲ. ಕುಕ್ಕರ್ ಸೀಟಿ ಹೊಡೆದರೆ ಆಲೋಚನೆ ಹಾರಿಹೋಗುತ್ತದೆ ಎಂದು ಅಕ್ಕ ಅನ್ನವನ್ನು ಪಾತ್ರೆಯಲ್ಲಿಟ್ಟು ಗಂಜಿ ಬಸಿದಳು. ಕಾಫಿ ಲೋಟವನ್ನು ಸದ್ದಾಗದಂತೆ ಇಟ್ಟು ಬರಿಗಾಲಿನಲ್ಲಿ ಹಿಂದೆ ಸರಿಯುತ್ತಿದ್ದಳು. ಒಂದು ಪುಟವನ್ನೂ ಅವಳಿಗೆ ತೋರಿಸಲಿಲ್ಲ ಪುಣ್ಯಾತ್ಮ. ಕೇಳಿದರೆ, "ಬಿಡುಗಡೆ ದಿನ ಮೊದಲನೇ ಪ್ರತಿ ನಿನಗೇ ಕಣೇ," ಎಂದ. ಅವಳಿಗೆ ಅಷ್ಟೇ ಸಾಕಾಯಿತು.

ಕುರುಬರಹಳ್ಳಿಯ ಪ್ರೆಸ್ಸಿನಿಂದ ಕರಡು ಬಂದಾಗ ಭಾವ ಅದನ್ನು ನನ್ನ ಕೈಗೆ ಕೊಟ್ಟ. ಸಭೆಯಲ್ಲಿ ಪುಸ್ತಕ ಪರಿಚಯ ನಾನೇ ಮಾಡಬೇಕಂತೆ. "ನೀನು ಈ ಸಬ್ಜೆಕ್ಟ್ ಚೆನ್ನಾಗಿ ಓದ್ಕೊಂಡಿದೀಯ, ನನ್ನ ಪುಸ್ತಕದ ಬೆಲೆ ನಿಂಗೆ ಗೊತ್ತಾಗತ್ತೆ," ಎಂದ. ಮಲ್ಲತ್ತಹಳ್ಳಿ ಕೆರೆಯ ಏರಿಯ ಮೇಲೆ ಬೆಂಚಿನಲ್ಲಿ ಕೂತು ಕಟ್ಟು ಬಿಚ್ಚಿದೆ. ಅಭ್ಯಾಸಬಲ, ಮೊದಲು ಆ ದಿನದ ಅಧ್ಯಾಯ.

ಅಧ್ಯಾಯದ ಹೆಸರು, ನಾನು ಸಾಕ್ಷಿಯಾದ ಚಾರಿತ್ರಿಕ ದಿನ. ಭಾವ ಬೆಳಿಗ್ಗೆಯೇ ಒಂದು ಕಡತ ಹಿಡಿದು ಸಾಹೇಬರ ಕೊಠಡಿಯ ಪಕ್ಕದ ಕೋಣೆಗೆ ಹೋದ. ಸೋಫಾದ ಮೇಲೆ ಕೂತ. ಸೋಫಾದ ಬಣ್ಣ ಬರೆದಿದ್ದಾನೆ. ಉಪ್ಪಿಟ್ಟು ಕೊಟ್ಟರು, ಅದರಲ್ಲಿ ಬಟಾಣಿ ಇತ್ತು ಎಂದು ಬರೆದಿದ್ದಾನೆ. ಯಾರ‍್ಯಾರೋ ಒಳಗೆ ಹೋದರು, ಹೊರಗೆ ಬಂದರು. ಒಮ್ಮೆ ಬಾಗಿಲು ತೆರೆದಾಗ ಸಾಹೇಬರ ಕನ್ನಡಕದ ಹೊಳಪು ಕಂಡಿತಂತೆ, ಅದಕ್ಕೆ ಒಂದು ಇಡೀ ಪ್ಯಾರಾ. ಸಂಜೆ ಒಬ್ಬ ಗುಮಾಸ್ತ ಬಂದು, ನೀವಿನ್ನು ಹೊರಡಬಹುದು ಎಂದ. ಕಡತವನ್ನು ಯಾರೂ ಕೇಳಲೇ ಇಲ್ಲ. ನಿರ್ಧಾರ ಏನೆಂದು ಭಾವನಿಗೆ ತಿಳಿದದ್ದು ಕಾರಿಡಾರಿನ ಟಿವಿಯಿಂದ. ನಾನು ಆಟೋದಲ್ಲಿ ಪಟಾಕಿ ಕೇಳಿ ತಿಳಿದುಕೊಂಡ ಹೊತ್ತಿಗೇ!

ತಾಯಿಯ ಬಗ್ಗೆ ಒಂದು ಸಾಲು ಇತ್ತು. ಅದೇ ದಿನ ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲೊಂದು ಸಾವು ಸಂಭವಿಸಿತ್ತಾದರೂ ಕರ್ತವ್ಯ ನನ್ನನ್ನು ಕಟ್ಟಿಹಾಕಿತ್ತು. ಒಂದು ಸಾವು! ಯಾರದ್ದು ಎಂದೂ ಇಲ್ಲ. ಅಕ್ಕ ಸಿಕ್ಕಿದ್ದು ಕೃತಜ್ಞತೆಗಳ ಪುಟದ ಕೊನೆಯಲ್ಲಿ, ಅಕ್ಷರ ಜೋಡಿಸಿದವರ ಕೆಳಗೆ, ವೇಳೆಗೆ ಸರಿಯಾಗಿ ಕಾಫಿ ಒದಗಿಸಿದ ಶ್ರೀಮತಿಯಾಗಿ. ನನಗೆ ನಗು ಬಂತು, ಆಮೇಲೆ ಆ ಕಾಗದಗಳನ್ನು ಕೆರೆಗೆ ಎಸೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಎರಡು ಅರೆ ತುಂಬ ಇಂಥ ಪುಸ್ತಕ ಓದಿದ್ದೆ. ಇಷ್ಟು ಪೊಳ್ಳು ಪುಸ್ತಕ ಓದಿರಲಿಲ್ಲ.

ನೇರ ಅಕ್ಕನ ಮನೆಗೆ ಹೋದೆ. ಭಾವ ಆಹ್ವಾನ ಪತ್ರಿಕೆ ಹಂಚಲು ಹೊರಗೆ ಹೋಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, "ಸಭೇಲಿ ಆ ದಿನದ ಭಾಗ ಇದೆಯಲ್ಲ, ಅದನ್ನ ಜೋರಾಗಿ ಓದ್ಬೇಕು ನೀನು. ಅವರ ಕಡೆಯೋರೆಲ್ಲ ಬರ್ತಾರೆ. ನಾನೇ ಫೋನ್ ಮಾಡಿ ಕರ್ದಿದೀನಿ."

"ಅದು ಬೇಡ ಕಣಕ್ಕ. ಅವರ ಓದಿನ ದಿನಗಳ ಬಗ್ಗೆ ಚೆನ್ನಾಗಿ ಬರ್ದಿದಾರೆ, ಅದನ್ನ ಓದ್ತೀನಿ."

"ಯಾಕೆ ಬೇಡ?"

"ಅದ್ರಲ್ಲಿ ಏನೂ ಇಲ್ಲ, ಅಕ್ಕ. ನಿಜವಾಗ್ಲೂ ಏನೂ ಇಲ್ಲ. ಮೊದ್ಲು ನೀನು ಓದು, ಆಮೇಲೆ ಹೇಳು."

ಅಕ್ಕ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ನಿಂಗೆ ಯಾರ ಪುಸ್ತಕದಲ್ಲಿ ಏನಿತ್ತು ಹೇಳು? ಎಲ್ಲದಕ್ಕೂ ಟೊಳ್ಳು, ಪೊಳ್ಳು. ಬೇರೆಯವರದ್ದನ್ನ ಬೈಕೊಂಡು ಕೂತೆ, ಸರಿ. ನಿಮ್ಮ ಭಾವ ಬರ್ದ್ರೂ ಹೊಟ್ಟೆಕಿಚ್ಚಾ? ನಾನು ಈಗ ಓದಲ್ಲ. ಅವರು ಕೊಡೋ ದಿನಾನೇ ಓದೋದು. ಅಷ್ಟು ವರ್ಷ ಕಾದಿದೀನಿ, ಎಲ್ಲರ ಜೊತೆ ಕೂತು ಕೇಳ್ತೀನಿ. ನೀನು ಓದ್ದೆ ಇದ್ರೆ ಇನ್ಯಾರಾದ್ರೂ ಓದ್ತಾರೆ." ನಾನು ಮಾತಾಡಿದಷ್ಟೂ ಅವಳ ಮುಖ ಗಂಟಾಯಿತು. ಕಾಫಿ ಕೂಡ ಕೊಡದೆ ಕಳಿಸಿದಳು.

ಬಿಡುಗಡೆ ರಾಜಾಜಿನಗರದ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಚೌಚೌಬಾತ್ ಮುಗಿಸಿ ಜನ ಒಳಗೆ ಕೂತರು. ಭಾವನ ಚಿಕ್ಕಪ್ಪನ ಮಕ್ಕಳು, ಅವರ ಹೆಂಡಿರು ಎರಡನೆಯ ಸಾಲು. ಅವರ ಮುಂದೆಯೇ ಅಕ್ಕ, ಹಸಿರು ರೇಷ್ಮೆ ಸೀರೆ, ಬೆನ್ನು ನೆಟ್ಟಗೆ. ರಿಬ್ಬನ್ ಬಿಚ್ಚಿ ಪುಸ್ತಕ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಮೊದಲನೆಯ ಪ್ರತಿ ಮುಖ್ಯ ಅತಿಥಿಗೆ ಹೋಯಿತು. ಎರಡನೆಯದು ಅಧ್ಯಕ್ಷತೆ ವಹಿಸಿದವರಿಗೆ. ಅಕ್ಕನಿಗೆ ಕೊಟ್ಟ ಮಾತು ಭಾವನಿಗೆ ನೆನಪಾಗಲಿಲ್ಲವೋ, ನೆನಪಿದ್ದೂ ಬಿಟ್ಟನೋ, ಅವಳಿಗೆ ಸಿಗಲಿಲ್ಲ.

ನನ್ನ ಸರದಿ ಬಂದಾಗ ಅಕ್ಕ ಹೇಳಿದ ಹಾಗೇ ಆ ಅಧ್ಯಾಯ ತೆರೆದು ಓದಿದೆ. ಒಂದು ಅಕ್ಷರ ಸೇರಿಸಲಿಲ್ಲ, ಬಿಡಲಿಲ್ಲ. ಕೊಂಕು ಕೂಡ ಮಾಡಲಿಲ್ಲ. ಸೋಫಾ ಬಂತು, ಉಪ್ಪಿಟ್ಟು ಬಂತು, ಜನ ಮುಗುಳ್ನಕ್ಕರು. ಕನ್ನಡಕದ ಹೊಳಪಿಗೆ ಚಪ್ಪಾಳೆ ಬಿತ್ತು. ಒಂದು ಸಾವು ಸಂಭವಿಸಿತ್ತಾದರೂ ಎಂಬಲ್ಲಿ ನಾನು ತಲೆ ಎತ್ತಿ ಅಕ್ಕನನ್ನು ನೋಡಿದೆ. ಅವಳು ಇನ್ನೂ ಕಾಯುತ್ತಿದ್ದಳು. ಮುಂದಿನ ಪುಟದಲ್ಲಿ ಬಾಗಿಲು ತೆರೆದು ಅವಳ ಗಂಡನನ್ನು ಒಳಗೆ ಕರೆಯುತ್ತಾರೆ ಎಂದು ಕಾಯುತ್ತಿದ್ದಳು. ಗುಮಾಸ್ತ ಬಂದು ಹೊರಡಬಹುದು ಎಂದ ಸಾಲು ಓದಿ ಪುಸ್ತಕ ಮುಚ್ಚಿದಾಗ ಅವಳ ಹಿಂದಿನ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಕ್ಕ ತಿರುಗಿ ನೋಡಲಿಲ್ಲ.

ಆಮೇಲೆ ದಂಪತಿಗೆ ಸನ್ಮಾನ. ಭಾವನಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅಕ್ಕನನ್ನು ವೇದಿಕೆಗೆ ಕರೆದು ಕುಂಕುಮ ಕೊಟ್ಟು ಪಕ್ಕದಲ್ಲಿ ಕೂರಿಸಿದರು. ಲೇಖಕರ ಶ್ರೀಮತಿಯವರು ಎರಡು ಮಾತಾಡಬೇಕು ಎಂದು ನಿರೂಪಕಿ ಮೈಕು ಅವಳ ಕೈಗೆ ಕೊಟ್ಟಳು. ಇಂಥ ಸಭೆಗಳಲ್ಲಿ ಹೆಂಡತಿಯರು, ನನಗೆ ಮಾತಾಡೋಕೆ ಬರಲ್ಲ, ಎಲ್ಲರಿಗೂ ನಮಸ್ಕಾರ ಎನ್ನುತ್ತಾರೆ, ಮುಗಿಯುತ್ತದೆ. ಅಕ್ಕ ಸಭೆಯ ಕಡೆ ತಿರುಗಲಿಲ್ಲ. ಗಂಡನ ಕಡೆ ತಿರುಗಿದಳು.

"ರೀ, ಆವತ್ತು ನಿಮ್ಮನ್ನ ಒಳಗೆ ಕರೆದ್ರಾ?"

ಭಾವ ನಕ್ಕ. "ಬರ್ದಿದೀನಲ್ಲ ಕಣೇ, ಅಲ್ಲೇ ಇದ್ದೆ, ಪಕ್ಕದಲ್ಲೇ…"

"ಕರೆದ್ರಾ ಅಂದೆ."

"ಇಲ್ಲ." ಭಾವನ ಕೈ ಪೇಟದ ಕಡೆ ಹೋಯಿತು, ಸರಿಯಾಗಿಯೇ ಇದ್ದದ್ದನ್ನು ಸರಿಮಾಡಿತು. "ಆದ್ರೆ ಕರೆದಿದ್ರೆ? ಕರೆದಾಗ ನಾನಲ್ಲಿ ಇಲ್ದೆ ಹೋಗಿದ್ರೆ?"

ಅವನ ದನಿಯಲ್ಲಿ ನಿಜವಾದ ಭಯ ಇತ್ತು. ಇಷ್ಟು ವರ್ಷಗಳಾದ ಮೇಲೂ ಇತ್ತು.

"ನಿಮ್ಮಮ್ಮ ಕರೀತಾ ಇದ್ರು," ಎಂದಳು ಅಕ್ಕ. ಮೈಕು ಬಾಯಿಗೆ ಹತ್ತಿರ ಇತ್ತು, ಹಿಂದಿನ ಕುರ್ಚಿಯವರೆಗೂ ಕೇಳಿಸಿತು. "ಉಸಿರು ಹೋಗೋವರೆಗೂ ನಿಮ್ಮ ಹೆಸರೇ. ಎಲ್ಲೇ ಅವನು, ಬಂದ್ನಾ ಅಂತ. ನಾನು ಹೇಳ್ದೆ, ಸಾಹೇಬರ ಜೊತೆ ಒಳಗಿದಾರೆ ಅತ್ತೆ, ಅವರಿಲ್ದೆ ಅಲ್ಲಿ ಏನೂ ನಡೆಯಲ್ಲ ಅಂತ. ನಂಬಿದ್ರು ಪಾಪ, ನಂಬ್ಕೊಂಡೇ ಹೋದ್ರು. ನಾನೂ ನಂಬಿದ್ದೆ ರೀ. ಅತ್ತೆ ಪುಣ್ಯವಂತರು, ಪುಸ್ತಕ ಬರೋ ಮುಂಚೆ ಸತ್ರು."

ಮೈಕನ್ನು ಮೇಜಿನ ಮೇಲಿಟ್ಟು ಅವಳು ಮೆಟ್ಟಿಲಿಳಿದಳು. ಸಭೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಾತು ಮುಗಿಯಿತು ಎಂದುಕೊಂಡು ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಪಕ್ಕದವರು, ಆಮೇಲೆ ಇಡೀ ಸಭಾಂಗಣ. ಚಪ್ಪಾಳೆ ಕೇಳಿ ಭಾವ ಎದ್ದು ನಿಂತು ಕೈಮುಗಿದ.